ಅಂಟು ಒಣಗುವಷ್ಟು ಹೊತ್ತು

ತೊರೂನಿನ ಕಲಾಭವನದ ನೆಲಮಾಳಿಗೆಗೆ
ಹದಿನಾಲ್ಕು ಮೆಟ್ಟಿಲು.
ಹನ್ನೊಂದರ ಹುಡುಗಿ ನಾನು ಮೊದಲ ಸಲ ಇಳಿದಾಗ
ಮೂಗಿಗೆ ಬಡಿದದ್ದು ವಾರ್ನಿಷು, ಒದ್ದೆ ಕೋಟು,
ಗೆರ್ವಾಜಿ ಮೇಷ್ಟ್ರ ಅಗ್ಗದ ಸಿಗರೇಟು.
ಇಪ್ಪತ್ತಮೂರು ಹುಡುಗರು ತಲೆಯೆತ್ತಿ ನೋಡಿ
ಮತ್ತೆ ತಗ್ಗಿಸಿದರು. ಅಷ್ಟೇ ಸ್ವಾಗತ.

ಒಳ್ಳೆಯ ಚಾಕು ಸಿಗದ ಕಾಲ.
ಗಡ್ಡದ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು
ಒಂದು ತುದಿಗೆ ಬಟ್ಟೆ ಸುತ್ತಿ ಕೈಗಿಡುತ್ತಿದ್ದರು ಮೇಷ್ಟ್ರು:
"ಬೆರಳು ಕೊಯ್ದರೆ ಕೂಡೀತು, ಹಾಳೆ ಕೊಯ್ದರೆ ಕೂಡದು."
ಹಡಗು, ವಿಮಾನ, ರೈಲು, ಎಲ್ಲವೂ ಕಾಗದವೇ,
ತಿಂಗಳಿಗೊಮ್ಮೆ ಪತ್ರಿಕೆಯಂಗಡಿಗೆ ಬರುತ್ತಿದ್ದವು.
ಮಾಂಸದ ಸಾಲಲ್ಲಿ ಅಮ್ಮ, ಕಾಗದದ ಸಾಲಲ್ಲಿ ನಾನು.
ಕೆಲವು ದಿನ ಇಬ್ಬರೂ ಬರಿಗೈ.

ಕತ್ತರಿಸುವಾಗ ಮಾತಿಲ್ಲ, ಅದು ಅಲ್ಲಿಯ ನೇಮ.
ಅಂಟು ಒಣಗುವಷ್ಟು ಹೊತ್ತು ಮಾತ್ರ ಬಾಯಿಗೆ ಬಿಡುವು.
ತುಂಡುಗಳನ್ನು ಒತ್ತಿ ಹಿಡಿದು, ಯಾರ ಮುಖವನ್ನೂ ನೋಡದೆ,
ಯಾರ ಅಕ್ಕ ಯಾರ ಜೊತೆ ಓಡಿಹೋದಳು,
ಯಾರ ಮನೆಯ ರೇಡಿಯೋ ರಾತ್ರಿ ಪಿಸುಗುಡುತ್ತದೆ,
ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು.
ಎಲಿಗ್ಯುಶ್ ಒಮ್ಮೆ ಹೇಳಿದ:
"ನಮ್ಮಪ್ಪ ಡಿಸೆಂಬರಿನಿಂದ ಮನೆಗೆ ಬಂದಿಲ್ಲ."
ಮೇಷ್ಟ್ರು ಅವನತ್ತ ಅಂಟಿನ ಶೀಶೆ ಸರಿಸಿ
ಇನ್ನಷ್ಟು ಹಚ್ಚು ಎಂದರು.

ಆಮೇಲೊಂದು ಗುರುವಾರ ಅವನ ಕುರ್ಚಿ ಖಾಲಿ.
ತಾಯಿ ಮಗ ಹ್ಯಾಂಬರ್ಗಿಗಂತೆ.
ಅವನ ಯುದ್ಧನೌಕೆ ಕಪಾಟಿನ ಮೇಲೇ ಉಳಿಯಿತು
ಮೇಲಿನ ಅಟ್ಟವಿಲ್ಲದೆ. ಏಳನೇ ಹಾಳೆ
ಅವನಿಗೆ ಕೊನೆಗೂ ಸಿಕ್ಕಿರಲಿಲ್ಲ.

ಮುಂದೆ ಗಡಿ ತೆರೆದವು. ಜಪಾನಿನಿಂದ ಬಂದವು
ಹೊಳೆವ ಡಬ್ಬಿಗಳು, ಒಳಗೆ ಪ್ಲಾಸ್ಟಿಕ್ಕಿನ ಎಲುಬು.
"ಇದು ಕಟ್ಟಿದ್ದಲ್ಲ, ಜೋಡಿಸಿದ್ದು" ಎಂದು ಮೂಗು ಮುರಿದರು ಮೇಷ್ಟ್ರು.
(ಅವರು ತೀರಿಕೊಂಡ ಮೇಲೆ ಮೇಜಿನ ಕೆಳಖಾನೆಯಲ್ಲಿ ಸಿಕ್ಕಿತು
ಅರ್ಧ ಬಣ್ಣ ಹಚ್ಚಿದ ಪ್ಲಾಸ್ಟಿಕ್ ವಿಮಾನ,
ಕಳ್ಳ ಬಸುರಿನ ಹಾಗೆ ಬಟ್ಟೆ ಹೊದ್ದು.)
ಮೇಲಿನ ಸಭಾಂಗಣ ಜಮಖಾನೆ ಅಂಗಡಿಯಾಯಿತು.
ಒಂದು ಚಳಿಗಾಲವಿಡೀ ನಾವು ಮೂವರೇ,
ಬಾಡಿಗೆಯ ಲೆಕ್ಕ, ಕೆಟ್ಟ ಹೀಟರು.
ಬೀಗದ ಕೈ ನನ್ನ ಹತ್ತಿರ ಉಳಿದದ್ದು ಹಾಗೆ.
ಬೇರೆ ಯಾರೂ ಕೇಳಲಿಲ್ಲ.

ಹೋದ ಹುಡುಗರು ಹೊಟ್ಟೆ ಹೊತ್ತು ಮರಳಿದರು,
ಕನ್ನಡಕದ ಮೇಲೆ ಭೂತಗನ್ನಡಿ ಏರಿಸಿ.
ಮೂವತ್ತೊಂಬತ್ತರ ವಿಮಾನದ ಹಸಿರು
ಎಲೆಹಸಿರೋ, ಪಾಚಿಯೋ, ಇಬ್ಬರು
ಎರಡು ವರ್ಷ ಮಾತು ಬಿಟ್ಟರು.
ಸಿಲ್ವೆಸ್ಟರ್ ಇನ್ನೂರ ಹನ್ನೆರಡು ಡಬ್ಬಿ ಕೊಂಡಿಟ್ಟ,
ಒಂದನ್ನೂ ಬಿಚ್ಚಲಿಲ್ಲ:
ಡಬ್ಬಿಯೊಳಗಿನ ವಿಮಾನ ಎಂದೂ ಬೀಳುವುದಿಲ್ಲವಂತೆ.

ಈಗ ಮೂಲೆಯಲ್ಲೊಂದು ಯಂತ್ರ
ರಾತ್ರಿಯಿಡೀ ಜೀರುಂಡೆಯಂತೆ ಗುಂಯ್ಗುಟ್ಟಿ
ಅಕ್ಕಿಕಾಳಿನಷ್ಟು ಫಿರಂಗಿಗಳನ್ನು ಹೆರುತ್ತದೆ.
ಈಗಿನ ಅಂಟು ಮೂರೆಣಿಸುವುದರೊಳಗೆ ಹಿಡಿಯುತ್ತದೆ.
ದೂರುತ್ತಿಲ್ಲ. ನನ್ನ ಕೈಯೂ ನಡುಗುತ್ತದೆ,
ನನಗೂ ಅದೇ ಅನುಕೂಲ.
ಮಾತಿಗೆ ಮಾತ್ರ ಹೊತ್ತಿಲ್ಲ.

ಸೊಲೊಮಿಯಾ, ಹಾರ್ಕಿವಿನ ಹುಡುಗಿ, ಹದಿಮೂರು.
ಟ್ಯಾಂಕು ಬೇಡ ಎಂದಳು ಮೊದಲ ದಿನವೇ.
ಒಂದು ಟ್ರಾಮು ಮಾಡಿದಳು, ಆಮೇಲೆ ಒಂಬತ್ತು ಮಹಡಿಯ ಕಟ್ಟಡ,
ಆರನೇ ಮಹಡಿಯ ಬಾಲ್ಕನಿಯಲ್ಲಿ ಕೆಂಪು ಸೈಕಲ್ಲು.
ಯಾರ ಮನೆ ಎಂದು ನಾವು ಕೇಳಲಿಲ್ಲ.

ಕಳೆದ ವಾರ ಅವಳೇ ಕಪಾಟಿನ ಧೂಳು ಒರೆಸಿ
ಆ ಹಡಗು ಇಳಿಸಿದಳು. ಎಲ್ಲಿಂದಲೋ ಹುಡುಕಿ
ಏಳನೇ ಹಾಳೆ ಅಚ್ಚು ಹಾಕಿ ತಂದಳು.
ನಲವತ್ತು ವರ್ಷದ ಹಳದಿಯ ಪಕ್ಕ
ಅದು ಹಾಲುಹಲ್ಲಿನಷ್ಟು ಬಿಳುಪು.
"ಚಹಾದಲ್ಲಿ ಅದ್ದಲಾ?" ಎಂದಳು.
ಬೇಡ, ಹೊಸದು ಹೊಸದಾಗಿಯೇ ಕಾಣಲಿ.
ಅಂಟು ಮಾತ್ರ ಹಳೆಯದು ತೆಗೆದೆ, ಕಂದು ಶೀಶೆಯದು.

"ಎಷ್ಟು ಹೊತ್ತು ಹಿಡಿಯಬೇಕು?"
ಇಪ್ಪತ್ತು ನಿಮಿಷ.
"ಅಷ್ಟು ಹೊತ್ತು ಏನು ಮಾಡೋದು?"
ನಾನೇನೂ ಹೇಳಲಿಲ್ಲ.
ನಾಲ್ಕು ಬೆರಳಲ್ಲಿ ಅಟ್ಟ ಒತ್ತಿ ಹಿಡಿದಳು.
ಮೇಲೆ ಯಾರೋ ಜಮಖಾನೆ ಸುತ್ತುವ ಸದ್ದು.
ಹಡಗಿನ ಮೇಲಿಂದ ಕಣ್ಣು ಕೀಳದೆ
"ನಮ್ಮಪ್ಪ," ಎಂದಳು,
ಎಂದು ನಿಲ್ಲಿಸಿದಳು.
ಅಂಟಿನ್ನೂ ಹಸಿ.